ನಮ್ಮೂರಿಗೆ ಗುಮ್ಮಟ ಬೇಡ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಈ ಊರುಗಳಲ್ಲಿ ಎಲ್ಲಿಯಾದರೂ ಪ್ರವಾಸದ ಮಾತು ತೆಗೆದು ನೋಡಿ. 'ನಮ್ಮಲ್ಲಿ ನೋಡಾಕ ಏನೈತ್ರಿ? ನೋಡೂದಿದ್ರ ವಿಜಾಪುರಕ್ಕ ಹೋಗ್ರಿ, ಗೋಲಗುಂಬಜ ಐತಿ' ಎಂಬ ಉತ್ತರ ತಯಾರಾಗಿಯೇ ಇರುತ್ತದೆ. ಹೇಳುವವರಲ್ಲಿ ಕಬ್ಬಿನ ಹೊಲದ ಒಡೆಯರಿದ್ದಾರೆ, ಕಾಲೇಜಿನ ಮಾಸ್ತರರಿದ್ದಾರೆ, ಬಸ್‌ಸ್ಟ್ಯಾಂಡಿನ ಎದುರು ಚಹಾ ಸೋಸುವವರೂ ಇದ್ದಾರೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ನಮ್ಮೂರಿಗೂ ಅಂಥದ್ದೊಂದು ಆಗಬೇಕು, ಎತ್ತರದ ಗೋಪುರ, ಕೆಳಗೊಂದು ಮ್ಯೂಸಿಯಂ, ಮೇಲೆ ಊರೆಲ್ಲ ಕಾಣುವ ಗ್ಯಾಲರಿ, ಆಗ ನೋಡಿ ಮಂದಿ ಹೇಗೆ ಬರುತ್ತಾರೆ. ಇದನ್ನು ಸಣ್ಣ ಊರುಗಳ ಆಸೆ ಎಂದು ನಕ್ಕು ಬಿಡುವಂತಿಲ್ಲ, ರಾಜಧಾನಿಯ ತಲೆಗೂ ಇದೇ ಹೊಕ್ಕಿದೆ. ಬೆಂಗಳೂರಿನಲ್ಲಿ 250 ಮೀಟರ್ ಎತ್ತರದ ಸ್ಕೈಡೆಕ್ ಕಟ್ಟಲು 2024ರಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅಂದಾಜು ವೆಚ್ಚ 500 ಕೋಟಿ ರೂಪಾಯಿ. ನರ್ಮದೆಯ ದಂಡೆಯ ಮೇಲಿನ 182 ಮೀಟರಿನ ಸರ್ದಾರ್ ಪಟೇಲರ ಪ್ರತಿಮೆಯ ಎದೆಯೊಳಗೆ 2018ರಿಂದ ವೀಕ್ಷಣಾ ಗ್ಯಾಲರಿ ಇದೆ, ಬುಡದಲ್ಲಿ ಮ್ಯೂಸಿಯಂ ಇದೆ. ಊರೊಂದು ನೋಡತಕ್ಕದ್ದು ಎನಿಸಬೇಕಾದರೆ ಅಲ್ಲಿ ಏರುವುದಕ್ಕೆ ಏನಾದರೂ ಇರಬೇಕು ಎಂಬುದನ್ನು ಈಗ ಯಾರೂ ಪ್ರಶ್ನಿಸುವುದೇ ಇಲ್ಲ. ಈ ನಂಬಿಕೆ ಸುಳ್ಳು ಎಂಬುದು ನನ್ನ ವಾದ. ಅದನ್ನು ತೋರಿಸಲು ದೂರ ಹೋಗಬೇಕಿಲ್ಲ. ಆ ನಂಬಿಕೆ ಯಾವ ಗೋಳಗುಮ್ಮಟವನ್ನು ಸಾಕ್ಷಿಗೆ ಕರೆಯುತ್ತದೋ ಅದೇ ಗೋಳಗುಮ್ಮಟ ಅದರ ವಿರುದ್ಧ ಸಾಕ್ಷಿ ಹೇಳುತ್ತದೆ.

ಗೋಳಗುಮ್ಮಟವನ್ನು ಊರು ನೋಡಲೆಂದು ಯಾರೂ ಕಟ್ಟಲಿಲ್ಲ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹನ ಗೋರಿ ಅದು. ದಕ್ಷಿಣದ ಬಾಗಿಲ ಮೇಲಿನ ಶಾಸನ ಹೇಳುವುದೂ ಅವನ ಸಾವಿನ ವರ್ಷವನ್ನೇ. ಒಳಗೆ ಒಂದೂ ಕಂಬವಿಲ್ಲದ ಚೌಕ ಹಜಾರ, ಅದರ ಮೇಲೆ ಸುಮಾರು 38 ಮೀಟರ್ ಒಳವ್ಯಾಸದ ಇಟ್ಟಿಗೆ-ಗಾರೆಯ ಗುಮ್ಮಟ. ಚೌಕದ ಮೇಲೆ ದುಂಡನೆಯದನ್ನು ಕೂರಿಸುವುದು ಹೇಗೆಂಬುದೇ ಕಟ್ಟುವವರಿಗೆ ಎದುರಾದ ದೊಡ್ಡ ಲೆಕ್ಕ. ಅವರು ಒಂದನ್ನೊಂದು ಹಾಯ್ದುಹೋಗುವ ಎಂಟು ಕಮಾನುಗಳನ್ನು ಎಬ್ಬಿಸಿದರು, ಮೂಲೆಗಳನ್ನು ಒಳಕ್ಕೆ ಬಾಗಿಸುತ್ತ ಬಂದು ಮೇಲೊಂದು ದುಂಡು ಅಂಚು ಮಾಡಿಕೊಂಡರು, ಗುಮ್ಮಟವನ್ನು ಆ ಅಂಚಿನ ತುದಿಗೆ ಇಡದೆ ಹಿಂದಕ್ಕೆ ಸರಿಸಿ ಕೂರಿಸಿದರು. ಗುಮ್ಮಟದ ಭಾರ ಹೊರಕ್ಕೆ ದಬ್ಬುತ್ತದೆ, ಒಳಕ್ಕೆ ಚಾಚಿದ ಅಂಚಿನ ಭಾರ ಒಳಕ್ಕೆ ಎಳೆಯುತ್ತದೆ. ಈ ಎರಡರ ಜಗ್ಗಾಟದಲ್ಲೇ ಕಟ್ಟಡ ಮೂರೂವರೆ ಶತಮಾನ ನಿಂತಿದೆ. ಗುಮ್ಮಟವನ್ನು ಹಿಂದೆ ಸರಿಸಿದಾಗ ಉಳಿದ, ಮೂರು ಮೀಟರಿಗಿಂತ ತುಸು ಹೆಚ್ಚು ಅಗಲದ ಜಾಗವೇ ಇಂದು ಎಲ್ಲರೂ ಸುತ್ತು ಹಾಕುವ ಪಿಸುಮಾತಿನ ಗ್ಯಾಲರಿ. ಭಾರ ಹೊರುವ ಲೆಕ್ಕದಲ್ಲಿ ಅದು ಉಳಿದ ಶೇಷ. ಪ್ರತಿಧ್ವನಿ ಆ ಶೇಷದ ಶೇಷ: ದುಂಡನೆಯ ಗೋಡೆ ತನ್ನ ಬಾಗಿನ ಗುಂಟ ದನಿಯನ್ನು ಒಯ್ದು ಎದುರು ಬದಿಗೆ ಮುಟ್ಟಿಸುತ್ತದೆ. ನಾಲ್ಕು ಮೂಲೆಯ ಏಳು ಅಂತಸ್ತಿನ ಮಿನಾರುಗಳ ಮೆಟ್ಟಿಲೇರಿ ಹೊರಬಂದರೆ ಕಾಣುವ ಊರಿನ ನೋಟವೂ ಹಾಗೆಯೇ ಪುಕ್ಕಟೆಯಾಗಿ ಸಿಕ್ಕಿದ್ದು. ಅಸಲು ಬಿಟ್ಟು ಈ ಶೇಷಗಳನ್ನಷ್ಟೇ ನೋಡಿ ಬಂದು 'ಇಂಥದ್ದೇ ನಮ್ಮಲ್ಲೂ ಕಟ್ಟಿ' ಎನ್ನುವುದು, ಗಾಣದ ಹೊಗೆಯ ಪರಿಮಳಕ್ಕೆ ಮನಸೋತು ಕಬ್ಬು ಹಚ್ಚದೆಯೇ ಒಲೆ ಹೂಡಿದ ಹಾಗೆ.

ಆ ಗ್ಯಾಲರಿಯಲ್ಲಿ ನಡೆಯುವುದನ್ನು ತುಸು ಹತ್ತಿರದಿಂದ ನೋಡಬೇಕು. ಇಕ್ಕಟ್ಟಾದ ಮೆಟ್ಟಿಲುಗಳನ್ನು ನೂರಕ್ಕೂ ಹೆಚ್ಚು ಹತ್ತಿ ಮಕ್ಕಳು ಏದುಸಿರು ಬಿಡುತ್ತ ಒಳಗೆ ಬರುತ್ತಾರೆ. ಗೋಡೆಗೆ ಬಾಯಿ ಹಚ್ಚಿ ಉಸಿರಿನಷ್ಟು ಮೆಲ್ಲಗೆ ಆಡಿದ ಮಾತನ್ನು ಎದುರು ಬದಿಯಲ್ಲಿ ಗೋಡೆಗೆ ಕಿವಿ ಹಚ್ಚಿದವರು ಕೇಳಬಹುದಾದ ಜಾಗ ಅದು. ಅಲ್ಲಿ ಪಿಸುಗುಟ್ಟುವವರು ಮಾತ್ರ ಸಿಗುವುದಿಲ್ಲ. ಒಂದು ಶಾಲೆಯವರು 'ಓ' ಎಂದು ಕೂಗಿದರೆ ಇನ್ನೊಂದು ಶಾಲೆಯವರು ಸಿಳ್ಳೆ ಹಾಕುತ್ತಾರೆ, ಒಂದು ಕೂಗು ತಿರುಗಿ ಮುಗಿಯುವುದರೊಳಗೆ ಹತ್ತು ಕೂಗು ಅದರ ಮೇಲೆ ಬೀಳುತ್ತವೆ. ದನಿ ಏಳು ಸಲ ಮರಳುತ್ತದೋ ಹತ್ತು ಸಲವೋ ಎಂದು ಎಣಿಸುವಷ್ಟು ಮೌನ ಬೇಕೆಂದರೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಆಮೇಲೆ ಹೊರಗಿನ ಬಯಲು ಮಾಳಿಗೆಗೆ, ಊರು ನೋಡಲು. ನೀರಿನ ಟಾಕಿಗಳು, ತಗಡಿನ ಛಾವಣಿಗಳು, ಬೇವಿನ ಮರಗಳು, ಮೊಬೈಲ್ ಟವರುಗಳು, ದೂರದಲ್ಲಿ ಜಾಮಿ ಮಸೀದಿಯ ಗುಮ್ಮಟ. ಯಾವ ಮನೆಯ ಬಾಗಿಲೂ ಅಲ್ಲಿಂದ ಕಾಣುವುದಿಲ್ಲ, ಯಾರ ಮಾತೂ ಕೇಳುವುದಿಲ್ಲ. ಒಂದು ಫೋಟೊ, ಇಳಿಯುವುದು, ಬಸ್ಸು. ಇತ್ತ ಕೆಳಗೆ, ಹಜಾರದ ನಡುವಿನ ಕಟ್ಟೆಯ ಮೇಲಿರುವ ಗೋರಿಗಳು ಗುರುತಿಗೆ ಮಾತ್ರ, ನಿಜವಾದವು ಅದರಡಿಯ ನೆಲಮಾಳಿಗೆಯಲ್ಲಿವೆ ಎಂಬುದನ್ನು ಕೇಳಿ ತಿಳಿದು ಬಂದವರು ಎಷ್ಟು ಜನ? ಕಟ್ಟಡದ ತಿರುಳು ಇರುವುದು ನೆಲದ ಕೆಳಗೆ. ಹೋದವರು ನೆನಪಿಟ್ಟುಕೊಂಡು ಬರುವುದು ನೆತ್ತಿಯನ್ನು.

ಮ್ಯೂಸಿಯಮ್ಮಿನ ಗತಿಯೂ ಅಷ್ಟೇ. ಗುಮ್ಮಟದ ಮುಂದೆ, ಒಂದು ಕಾಲಕ್ಕೆ ನಗಾರಿ ಬಾರಿಸುತ್ತಿದ್ದ ನಗಾರಿಖಾನೆಯಲ್ಲಿ, ಪುರಾತತ್ವ ಇಲಾಖೆಯ ಸಂಗ್ರಹಾಲಯ ಇದೆ. ವೀರಗಲ್ಲುಗಳು, ಜಿನಬಿಂಬಗಳು, ಕನ್ನಡ, ಸಂಸ್ಕೃತ, ಅರಬಿ, ಫಾರಸಿ ಶಾಸನಗಳು, ಹಳೆಯ ಜಮಖಾನಗಳು, ಚೀನಾದ ಪಿಂಗಾಣಿ, ಆಯುಧಗಳು. ಈ ಸೀಮೆ ಯಾರು ಯಾರೊಡನೆ ಮಾತಾಡಿತು, ವ್ಯಾಪಾರ ಮಾಡಿತು, ಕಾದಾಡಿತು ಎಂಬುದೆಲ್ಲ ಒಂದೇ ಸೂರಿನಡಿ ಇದೆ. ವೀರಗಲ್ಲನ್ನು ಓದುವುದಕ್ಕೆ ಒಂದು ಕ್ರಮವಿದೆ. ತಳದ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ತುದಿಯಲ್ಲಿ ಅವನು ದೇವರ ಮುಂದೆ ಕೂತಿರುವುದು. ಕೆಳಗಿನಿಂದ ಓದುತ್ತ ಮೇಲಕ್ಕೆ ಹೋಗಬೇಕು, ಅದಕ್ಕೆ ಕುಕ್ಕರುಗಾಲಲ್ಲಿ ಕೂರಬೇಕು. ಗುಮ್ಮಟದ ಕಡೆ ಓಟ ಕಿತ್ತವನಿಗೆ ಅಷ್ಟು ಪುರುಸೊತ್ತು ಎಲ್ಲಿ? ಗೋಪುರ ಕಟ್ಟಿದರೆ ಅದರ ನೆಪದಲ್ಲಿ ಮ್ಯೂಸಿಯಮ್ಮನ್ನೂ ಜನ ನೋಡುತ್ತಾರೆ ಎಂಬ ಲೆಕ್ಕ ಇಲ್ಲಿಗೇ ಬಿದ್ದುಹೋಗುತ್ತದೆ. ಹಿಂದೂಸ್ಥಾನದಲ್ಲೇ ಹೆಸರಾದ ಗುಮ್ಮಟ ಪಕ್ಕದಲ್ಲಿದ್ದೂ ಜನರ ಕಣ್ಣು ಮ್ಯೂಸಿಯಮ್ಮಿನ ಕಡೆ ಹೊರಳುವುದಿಲ್ಲ ಎಂದ ಮೇಲೆ ಸಿಮೆಂಟಿನ ಗೋಪುರವೊಂದು ಏನು ಮಾಡೀತು?

'ಹಾಗಾದರೆ ನಮ್ಮ ಹಿರಿಯರು ಎತ್ತರ ಕಟ್ಟಲೇ ಇಲ್ಲವೇ?' ಎಂದು ಕೇಳಬಹುದು. ಕಟ್ಟಿದರು. ಅದೇ ವಿಜಾಪುರದಲ್ಲಿ ಉಪಲಿ ಬುರುಜು ಇದೆ, 80 ಅಡಿಯಷ್ಟು ಎತ್ತರದ ದುಂಡು ಗೋಪುರ, ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು, ನೆತ್ತಿಯ ಮೇಲೆ ಉದ್ದನೆಯ ತೋಪುಗಳು. 1584ರ ಸುಮಾರಿಗೆ ಹೈದರ್‌ಖಾನನೆಂಬ ಸರದಾರ ಕಟ್ಟಿಸಿದ್ದು. ಅದು ದೂರ ನೋಡಲೆಂದೇ ಕಟ್ಟಿದ ಗೋಪುರ, ನಿಜ. ಆದರೆ ಅದರ ಮೇಲೆ ನಿಂತವನಿಗೆ ನೋಟ ಮೋಜಿನ ವಿಷಯವಾಗಿರಲಿಲ್ಲ. ಯಾವ ದಿಕ್ಕಿನಲ್ಲಿ ಧೂಳೆದ್ದಿದೆ, ಅದು ದನದ ಹಿಂಡೋ ದಂಡೋ, ತೋಪನ್ನು ಎತ್ತ ತಿರುಗಿಸಬೇಕು ಎಂಬುದು ಆ ನೋಟದ ಮೇಲೆ ನಿಂತಿತ್ತು. ನೋಡಿದ್ದರಿಂದ ಮುಂದೇನಾದರೂ ಆಗಬೇಕಿದ್ದ ಕಣ್ಣು ಅದು. ಟಿಕೆಟ್ ತೆಗೆದುಕೊಂಡು ಲಿಫ್ಟಿನಲ್ಲಿ ಏರಿದವನ ನೋಟದಿಂದ ಊರಿನಲ್ಲಿ ಏನೂ ಆಗಬೇಕಿಲ್ಲ. ಊರು ಅವನಿಗೆ ಒಂದು ಹಾಸಿದ ಚಿತ್ರ, ತಾನು ಅದರ ಮೇಲೆ ನಿಂತ ಸಾಹೇಬ. ಒಂದು ಕೆಲಸಕ್ಕೆಂದು ಎತ್ತರವಾಗಿ ಕಟ್ಟಿದ್ದು ಕೆಲಸ ಮುಗಿದ ಮೇಲೂ ಚಂದ ಕಾಣುತ್ತದೆ. ಚಂದ ಕಾಣಲೆಂದೇ ಕಟ್ಟಿದ್ದರ ಬಣ್ಣ ಎಷ್ಟು ಮಳೆಗಾಲ ತಡೆಯುತ್ತದೆಂಬುದನ್ನು ಯಾವ ಊರಿನ ಉದ್ಯಾನದಲ್ಲಾದರೂ ನೋಡಿಕೊಳ್ಳಬಹುದು.

ಈಗ ನಮ್ಮ ನಾಲ್ಕೂರುಗಳಿಗೆ ಬರೋಣ. ಗೋಪುರದ ಆಸೆಯ ಹಿಂದೆ ಒಂದು ನೋವಿದೆ, ಅದನ್ನು ಒಪ್ಪಬೇಕು. 1997ರ ಆಗಸ್ಟ್ 15ರಂದು ವಿಜಾಪುರದಿಂದ ಬೇರೆಯಾದ ಬಾಗಲಕೋಟೆ ಜಿಲ್ಲೆಯ ಪ್ರವಾಸಿ ನಕಾಶೆ ತೆಗೆದರೆ ಬಾದಾಮಿ, ಐಹೊಳೆ, 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು, ಕೂಡಲಸಂಗಮ ಎಲ್ಲ ಒಂದು ಕಡೆಗೆ ಗುಂಪಾಗಿವೆ. ಪಡುವಣ ಭಾಗ ಖಾಲಿ. ಖಾಲಿ ಜಾಗ ತುಂಬಬೇಕು ಎನಿಸುವುದು ಸಹಜವೇ. ಆದರೆ ಆ ಜಾಗ ಖಾಲಿಯಾಗಿ ಕಾಣುವುದು ನಕಾಶೆ ಬರೆದವರಿಗೆ ಎದ್ದು ನಿಂತದ್ದಷ್ಟೇ ಕಾಣುವುದರಿಂದ. 1948ರ ಮುಂಚೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗ್ಲಿಗೆ ಸೇರಿದ್ದು, ಬೀಳಗಿ ನೇರ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಒಂದು ದಿನದ ಚಕ್ಕಡಿ ಪಯಣದಲ್ಲಿ ನಾಲ್ಕು ಆಳ್ವಿಕೆ, ನಾಲ್ಕು ಕಚೇರಿ. ಊರೂರಿನ ಹಳೆಯ ಕಾಗದ ಪತ್ರಗಳಲ್ಲಿ, ಮೋಡಿ ಲಿಪಿಯ ಕಟ್ಟುಗಳಲ್ಲಿ, ಹಿರಿಯರ ಮಾತಿನ ಮರಾಠಿ ಪದಗಳಲ್ಲಿ ಆ ಗಡಿಗಳು ಇನ್ನೂ ಉಳಿದಿವೆ. ಜಮಖಂಡಿಯ ನಡುವೆ ನೂರು ಮೀಟರಿನ ಗೋಪುರ ಎಬ್ಬಿಸಿ ಸುತ್ತ ನೋಡಿದರೆ ಅವುಗಳಲ್ಲಿ ಒಂದೂ ಕಾಣದು. ಊರನ್ನು ಮೇಲಿನಿಂದ ನೋಡಲೇಬೇಕೆಂಬ ಹಟ ಇದ್ದವರಿಗೆ ಜಮಖಂಡಿಯ ಮಗ್ಗುಲಿಗೆ ಗುಡ್ಡಗಳಿವೆ, ಲಿಫ್ಟಿನ ಖರ್ಚೂ ಇಲ್ಲ.

ಹಾಗೆ ಮೇಲಿಂದ ನೋಡಿದರೆ ಕಾಣುವುದು ಹಸಿರು, ಕಣ್ಣು ಹಾಯುವಷ್ಟು ದೂರ ಕಬ್ಬು. 'ಎಷ್ಟು ಸಮೃದ್ಧ!' ಎಂಬ ಉದ್ಗಾರ ಅಲ್ಲೇ ಹುಟ್ಟುತ್ತದೆ. ಅದೇ ಹೊಲಗಳ ಬದುವಿಗೆ ಇಳಿದು ನಡೆದರೆ ಕೆಲವು ಕಡೆ ಎರೆಮಣ್ಣಿನ ಮೇಲೆ ಬಿಳಿ ಪುಡಿ ಕೂತಿರುತ್ತದೆ. ಬೆರಳಿಗೆ ಹಚ್ಚಿ ನಾಲಿಗೆಗಿಟ್ಟರೆ ಉಪ್ಪು. ಈ ಕಡೆಯ ರೈತರು ಸವಳು-ಜವಳು ಎನ್ನುವುದು ಇದನ್ನೇ: ವರ್ಷಗಟ್ಟಲೆ ಒಂದೇ ಸಮನೆ ನೀರು ಹಾಯಿಸಿ, ಬಸಿದುಹೋಗಲು ದಾರಿ ಇಲ್ಲದೆ, ನೆಲದೊಳಗಿನ ಉಪ್ಪು ನೀರಿನೊಡನೆ ಮೇಲಕ್ಕೆ ಬಂದು ಬಿಸಿಲಿಗೆ ಒಣಗಿ ನಿಂತದ್ದು. ನೆಲ ಹೀಗೆ ಬಿಗಿದ ಮೇಲೆ ಕಬ್ಬೂ ಮುಗಿಯಿತು, ಜೋಳವೂ ಮುಗಿಯಿತು. ಈ ಸೀಮೆಯ ಅರ್ಧ ಶತಮಾನದ ನೀರಾವರಿ ಚರಿತ್ರೆ, ಅದರ ಸಿರಿಯೂ ಸಾಲವೂ, ಆ ಬಿಳಿ ಪುಡಿಯಲ್ಲಿದೆ. ಗೋಪುರದ ಮೇಲೆ ಎಷ್ಟು ದುಬಾರಿ ದುರ್ಬೀನು ಇಟ್ಟರೂ ಅದು ಕಾಣಲಾರದು. 'ಮೇಲಿಂದ ನೋಡಿದರೆ ಇಡೀ ಪ್ರದೇಶ ನಕಾಶೆಯಂತೆ ಅರ್ಥವಾಗುತ್ತದೆ' ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ನಕಾಶೆ ಹಾದಿ ತೋರಿಸುತ್ತದೆ, ಹೊಲದ ಪಾಡನ್ನು ಹೇಳುವುದಿಲ್ಲ. ಹಾದಿ ತೋರಿಸಲು ಈಗ ಎಲ್ಲರ ಜೇಬಿನಲ್ಲೂ ಫೋನಿದೆ.

ರಬಕವಿ-ಬನಹಟ್ಟಿಗೆ ಬಂದರೆ ಈ ವಾದಕ್ಕೆ ಇನ್ನೂ ಗಟ್ಟಿಯಾದ ಆಧಾರ ಸಿಗುತ್ತದೆ. ನೇಕಾರರ ಊರು ಅದು. ಬೀದಿಯಲ್ಲಿ ಈಗ ಕೇಳುವುದು ಹೆಚ್ಚಾಗಿ ವಿದ್ಯುತ್ ಮಗ್ಗಗಳ ಖಟಖಟ. ಕೈಮಗ್ಗದ ಸದ್ದು ಅದರಡಿ ಹುಗಿದುಹೋಗಿದೆ. ಹಳೆಯ ಕುಣಿ ಮಗ್ಗವನ್ನು ಗಮನಿಸಿ. ನೆಲದಲ್ಲಿ ತೋಡಿದ ಕುಣಿಯೊಳಗೆ ನೇಕಾರನ ಕಾಲು, ಕಾಲ ಕೆಳಗೆ ತುಳಿಯುವ ಮಣೆಗಳು, ಎದೆಯ ಮುಂದೆ ಹಾಸು. ಬಲಗೈ ಹಗ್ಗ ಜಗ್ಗಿದರೆ ಲಾಳಿ ಈ ಕಡೆಯಿಂದ ಆ ಕಡೆಗೆ ಓಡುತ್ತದೆ, ಎಡಗೈ ಹಣಿಗೆಯನ್ನು ಎಳೆದು ಹೊಕ್ಕಿನ ಎಳೆಯನ್ನು ಬಿಗಿಯುತ್ತದೆ, ಅಷ್ಟರಲ್ಲಿ ಕಾಲು ಮಣೆ ಬದಲಿಸಿರುತ್ತದೆ. ನಡುವೆ ಒಂದು ಎಳೆ ಹರಿಯಿತು. ಕೈ ನಿಲ್ಲುತ್ತದೆ, ನೂರಾರು ಎಳೆಗಳ ನಡುವೆ ಹರಿದದ್ದನ್ನು ಬೆರಳೇ ಹುಡುಕಿ ಹೊಸೆದು ಕೂಡಿಸುತ್ತದೆ, ಮತ್ತೆ ಲಾಳಿ ಓಡುತ್ತದೆ. ಪಕ್ಕದಲ್ಲಿ ಮನೆಯ ಹೆಣ್ಣುಮಗಳು ರಾಟೆಯ ಮೇಲೆ ಕಂಡಿಕೆ ಸುತ್ತುತ್ತಿರುತ್ತಾಳೆ. ಆ ಕೂಲಿ ಸಾಮಾನ್ಯವಾಗಿ ಯಾವ ಲೆಕ್ಕದಲ್ಲೂ ಬೇರೆಯಾಗಿ ಕಾಣುವುದಿಲ್ಲ. ಮಗ್ಗ ಕುಣಿಯಲ್ಲೇ ಏಕೆ? ನೆಲದ ತಂಪು ಹತ್ತಿನೂಲಿಗೆ ಹಸಿ ಕೊಡುತ್ತದೆ, ಒಣಗಿದ ನೂಲು ಬೇಗ ಹರಿಯುತ್ತದೆ. ಗೋಳಗುಮ್ಮಟದ ಅಂಚು ಭಾರದ ಲೆಕ್ಕದಿಂದ ಬಂದ ಹಾಗೆ ಈ ಕುಣಿ ನೂಲಿನ ಗುಣದಿಂದ ಬಂದದ್ದು. ಇದನ್ನು ನಿಂತು ನೋಡಿದರೆ ನೇಕಾರನ ನೆತ್ತಿ ಕಾಣುತ್ತದೆ. ಸೀರೆ ಕಾಣಬೇಕಾದರೆ ಅವನ ಮಗ್ಗುಲಿಗೆ ನೆಲದ ಮೇಲೆ ಕೂರಬೇಕು.

ಇಲ್ಲಿ ಬರುವ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ದುಡಿಯುವವರನ್ನು ಪ್ರವಾಸಿಗಳ ಮುಂದೆ ಕೂರಿಸುವುದು ಪ್ರಾಣಿಸಂಗ್ರಹಾಲಯ ಮಾಡಿದ ಹಾಗಲ್ಲವೇ? ಗೋಪುರವಾದರೆ ಕಲ್ಲು-ಸಿಮೆಂಟು, ಅದಕ್ಕೆ ಮಾನ-ಅಪಮಾನದ ಗೊಡವೆ ಇಲ್ಲ. ಈ ಮಾತಿನಲ್ಲಿ ಹುರುಳಿದೆ. ಕೈಮಗ್ಗ ದಿನಾಚರಣೆ ಎಂದು ಆಗಸ್ಟ್ 7ರಂದು ಮುದುಕ ನೇಕಾರರೊಬ್ಬರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಆ ಶಾಲು ಯಾವ ಮಗ್ಗದ್ದೆಂದು ಕೇಳದೆ ಕಳಿಸುವ ಸಮಾರಂಭಗಳನ್ನು ಕಂಡವರಿಗೆ ಈ ಭಯ ಬರಲೇಬೇಕು. ಆದರೆ ಭಯಕ್ಕೆ ಉತ್ತರ ನೇಕಾರನನ್ನು ನೋಡದೆ ಇರುವುದಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟು 1985ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ಮಾಡಿತು. ಕಾಯ್ದೆ ಇದ್ದೂ ವಿದ್ಯುತ್ ಮಗ್ಗದ ಸೀರೆ ಕೈಮಗ್ಗದ ಹೆಸರಿನಲ್ಲಿ ಮಾರಾಟವಾಗುತ್ತದೆ, ಕೊಳ್ಳುವವರಿಗೆ ಎರಡರ ಅಂತರ ತಿಳಿಯುವುದಿಲ್ಲ. ಅರ್ಧ ತಾಸು ಮಗ್ಗದ ಪಕ್ಕ ಕೂತು ಎಳೆ ಹರಿದದ್ದನ್ನೂ ಕೂಡಿದ್ದನ್ನೂ ನೋಡಿದವನಿಗೆ ಆ ಅಂತರ ಬೆರಳಿಗೇ ಗೊತ್ತಾಗುತ್ತದೆ, ಬೆಲೆ ಯಾಕೆ ಹೆಚ್ಚೆಂದು ಅವನು ಚೌಕಾಶಿ ಮಾಡುವುದಿಲ್ಲ. ಯಾರ ಮನೆಗೆ ಯಾವ ಹೊತ್ತಿನಲ್ಲಿ ಬರಬೇಕು, ಎಷ್ಟು ಕೊಡಬೇಕು ಎಂಬುದನ್ನು ನೇಕಾರರೇ ನಿಶ್ಚಯಿಸಲಿ. ಬೇಡ ಎಂದರೆ ಬೇಡ. ಅವರ ಸೂರನ್ನು ನೂರು ಮೀಟರ್ ಮೇಲಿನಿಂದ ನೋಡಿ 'ಅದೇ ನೇಕಾರರ ಊರು' ಎಂದು ಬೆರಳು ಮಾಡುವುದರಲ್ಲಿ ಇದಕ್ಕಿಂತ ಹೆಚ್ಚಿನ ಮರ್ಯಾದೆ ಎಲ್ಲಿದೆ?

ಎತ್ತರದ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಈ ಸೀಮೆಯಲ್ಲಿ ಎತ್ತರ ಎಂಬ ಶಬ್ದಕ್ಕೆ ಬೇರೆಯೇ ಅರ್ಥವಿದೆ, ಅದನ್ನು ಬೀಳಗಿಯವರನ್ನು ಕೇಳಬೇಕು. ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲುವ ಮಟ್ಟ 519.6 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅವರ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಒಪ್ಪಿತು. ಅಂತರ ಐದು ಮೀಟರೂ ಇಲ್ಲ, ಒಂದೂವರೆ ಅಂತಸ್ತಿನ ಮನೆಯಷ್ಟು. ಆ ಒಂದೂವರೆ ಅಂತಸ್ತಿನಲ್ಲಿ ಯಾವ ಹೊಲ ಉಳಿಯುತ್ತದೆ, ಯಾವ ಗುಡಿ ಮುಳುಗುತ್ತದೆ, ಯಾವ ಮಗಳ ಮದುವೆ ಪರಿಹಾರದ ಚೆಕ್ಕಿನವರೆಗೆ ಮುಂದೆ ಹೋಗುತ್ತದೆ ಎಂಬುದೆಲ್ಲ ಅಡಗಿದೆ. ಹಿನ್ನೀರಿನ ದಂಡೆಯ ಊರುಗಳಲ್ಲಿ ಮುಳುಗಡೆ ಎಂಬುದು ಭೂಗೋಳದ ಮಾತಲ್ಲ, ಮನೆಮಾತು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದಾಗ ಮುಧೋಳ, ಜಮಖಂಡಿ ತಾಲ್ಲೂಕುಗಳ ನದಿಯಂಚಿನ ಮನೆಗಳಲ್ಲಿ ನೀರು ಎಲ್ಲಿಯವರೆಗೆ ಬಂತೆಂಬುದನ್ನು ಜನ ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಅಂಥ ಗೋಡೆಯ ಮೇಲಿನ ಒಂದು ಗೆರೆಗೆ ಯಾವ ಗ್ಯಾಲರಿಯ ನೋಟ ಸಮ? ಇದೇ ಜಿಲ್ಲೆಯ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಬಸವಣ್ಣನವರ ಐಕ್ಯಸ್ಥಳವನ್ನು ಮುಳುಗಿಸುವಂತಾದಾಗ ಅದರ ಸುತ್ತ ದುಂಡನೆಯ ಗೋಡೆ ಎಬ್ಬಿಸಿದರು. ಸೇತುವೆಯ ಮೇಲೆ ನಡೆದು ಹೋಗಿ, ಸುತ್ತ ನೀರಿರುವಾಗಲೇ, ಮೆಟ್ಟಿಲಿಳಿದು ತಳ ಮುಟ್ಟಬೇಕು. ಗೋಪುರ ಬೇಕು ಎನ್ನುವವರಿಗೆ ಜಿಲ್ಲೆಯಲ್ಲಿ ಈಗಾಗಲೇ ಒಂದಿದೆ, ಇಳಿಯುವ ಗೋಪುರ. ಬೀಳಗಿಯಲ್ಲೂ ಹೆಸರಾದದ್ದು ಅರೆತ್ತಿನ ಬಾವಿ. ಮುಧೋಳದವನೆಂದು ನಾವು ಹೆಮ್ಮೆಪಡುವ, 949ರಲ್ಲಿ ಹುಟ್ಟಿದ ರನ್ನನೂ ಗದಾಯುದ್ಧದಲ್ಲಿ ತನ್ನ ದುರ್ಯೋಧನನನ್ನು ಕೊನೆಗೆ ಕಳಿಸಿದ್ದು ವೈಶಂಪಾಯನ ಸರೋವರದ ತಳಕ್ಕೆ. ಕಾಕತಾಳೀಯ ಎನ್ನಿ, ನನಗೆ ಅಡ್ಡಿಯಿಲ್ಲ.

ಮುಧೋಳದ ಹೆಸರು ಬಂದರೆ ನಾಯಿಯ ಮಾತು ಬಿಡಲಾಗದು. ಬ್ರಿಟನ್ನಿನ ದೊರೆ ಐದನೆಯ ಜಾರ್ಜನಿಗೆ ಘೋರ್ಪಡೆ ರಾಜರು ಕಾಣಿಕೆ ಕೊಟ್ಟ ತಳಿ, 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ, 2016ರಲ್ಲಿ ಸೇನೆ ತರಬೇತಿಗೆಂದು ಮೀರತ್‌ಗೆ ಒಯ್ದ ತಳಿ. ಅದನ್ನು ಉಳಿಸಿ ಬೆಳೆಸುವ ಕೇಂದ್ರ ತಿಮ್ಮಾಪುರದಲ್ಲಿದೆ, ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದು. ಇಲ್ಲೂ ಸಲೀಸಾದ ದಾರಿ ಎಂದರೆ ವೃತ್ತದಲ್ಲಿ ದೊಡ್ಡದೊಂದು ನಾಯಿಯ ಪ್ರತಿಮೆ ನಿಲ್ಲಿಸುವುದು. ಆದರೆ ಮುಧೋಳ ನಾಯಿಯ ಸೊಗಸು ಇರುವುದು ಅದರ ಓಟದಲ್ಲಿ. ಉದ್ದ ಮೂತಿ, ಒಳಸೇರಿದ ಹೊಟ್ಟೆ, ನೀಳ ಕಾಲು ಎಲ್ಲ ಆ ಓಟಕ್ಕಾಗಿ ಬಂದವು. ಹೊಲದಲ್ಲಿ ಹತ್ತು ಉಸಿರು ಅದರ ಓಟ ಕಂಡವನಿಗೆ ಪ್ರತಿಮೆ ಬೇಕಾಗದು.

ಹಣದ ಪ್ರಶ್ನೆಗೆ ಬರೋಣ, ಕೊನೆಗೆ ಎಲ್ಲರೂ ನಿಲ್ಲುವುದು ಅಲ್ಲೇ. ಗೋಪುರ ಕಟ್ಟಿದರೆ ಮಂದಿ ಬರುತ್ತಾರೆ, ಆಟೋದವನಿಗೆ ಬಾಡಿಗೆ, ಖಾನಾವಳಿಗೆ ಊಟದ ಗಿರಾಕಿ, ನಾಲ್ಕು ಹುಡುಗರಿಗೆ ಕೆಲಸ. ಬರುತ್ತಾರೆ, ಒಪ್ಪಿದೆ. ಎಷ್ಟು ಹೊತ್ತು ಇರುತ್ತಾರೆ? ಏರಿ ಇಳಿಯಲು ಬೇಕಾದ ಒಂದು ತಾಸು. ರೊಕ್ಕ ಬೀಳುವುದು ಒಂದೇ ಕಿಟಕಿಯಲ್ಲಿ, ಟಿಕೆಟ್ ಕಿಟಕಿಯಲ್ಲಿ. ಅದು ಯಾರ ಗುತ್ತಿಗೆಯಾಗುತ್ತದೆ ಎಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಸೀರೆ ಕೊಳ್ಳಲು ಬಂದವನು, ಗಾಣದ ಮನೆಯಲ್ಲಿ ಬಿಸಿ ಬೆಲ್ಲ ತಿಂದು ಪೆಂಟೆ ಕಟ್ಟಿಸಿಕೊಂಡು ಹೋಗುವವನು ಹತ್ತು ಕಡೆ ಖರ್ಚು ಮಾಡುತ್ತಾನೆ. 'ಮಕ್ಕಳಿಗೆ ಬೆರಗು ಬೇಕಲ್ಲ?' ಎಂಬುದು ಇನ್ನೊಂದು ಮಾತು, ಅದು ನನಗೂ ಪ್ರಿಯವಾದದ್ದು. ಗೋಳಗುಮ್ಮಟದ ಒಳಗೆ ನಿಂತು ತಲೆ ಎತ್ತಿದ ಮಗುವಿನ ಬಾಯಿ ತೆರೆಯುತ್ತದೆ, ತೆರೆಯಬೇಕು. ಆ ಬೆರಗನ್ನು 'ಹೇಗೆ ನಿಂತಿತು?' ಎಂಬ ಪ್ರಶ್ನೆಯವರೆಗೆ ಒಯ್ಯದೆ 'ಓ' ಎಂಬ ಕೂಗಿನಲ್ಲೇ ಮುಗಿಸುವುದು ನಮ್ಮ ತಪ್ಪು, ಮಗುವಿನದಲ್ಲ. ಕಂಬವಿಲ್ಲದೆ ಗುಮ್ಮಟ ನಿಂತ ಬಗೆಯನ್ನು ವಿವರಿಸಿದ ಮಾಸ್ತರು ಕುಣಿಯೊಳಗೆ ಮಗ್ಗ ಕೂತ ಬಗೆಯನ್ನೂ ವಿವರಿಸಬಲ್ಲರು.

ಜಮಖಂಡಿಯಿಂದ ವಿಜಾಪುರಕ್ಕೆ ಹೋಗುವ ಬಸ್ಸು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಯನ್ನು ದಾಟುತ್ತದೆ. ಅಲ್ಲೊಂದು ಬ್ಯಾರೇಜ್ ಇದೆ. ಸರ್ಕಾರ ಕಟ್ಟೀತೆಂದು ಕಾದು ಸಾಕಾದ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು 1989ರಲ್ಲಿ ಕಟ್ಟಿ ಮುಗಿಸಿದ್ದು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಮುಂದೆ ನಿಂತು ಕಟ್ಟಿಸಿದ ಸಿದ್ದು ನ್ಯಾಮಗೌಡರು ಬ್ಯಾರೇಜ್ ಸಿದ್ದು ಎಂದೇ ಹೆಸರಾಗಿ, 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ನದಿಗೆ ಅಡ್ಡಲಾಗಿ ತಗ್ಗಿ ನಿಂತ ಕಟ್ಟಡ ಅದು, ಎತ್ತರ ಎನ್ನುವಂಥದ್ದೇನೂ ಇಲ್ಲ. ಗೋಳಗುಮ್ಮಟಕ್ಕೆ ಹೊರಟ ಶಾಲೆಯ ಬಸ್ಸುಗಳು ಅದರ ಪಕ್ಕದಲ್ಲೇ ಸಾಗುತ್ತವೆ, ಒಳಗೆ ಅಂತ್ಯಾಕ್ಷರಿ ಜೋರಾಗಿರುತ್ತದೆ. ಗುಮ್ಮಟಕ್ಕೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗಿ, ಮೊದಲು ನಗಾರಿಖಾನೆಯ ವೀರಗಲ್ಲುಗಳ ಮುಂದೆ ಮಕ್ಕಳನ್ನು ಕೂರಿಸಿ, ಆಮೇಲೆ ಬೇಕಾದರೆ ಹತ್ತಿಸಿ. ಮರಳಿ ಬರುವಾಗ ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದಿರುತ್ತದೆ. ಸೇತುವೆ ದಾಟಿದ ಮೇಲೆ ಬಸ್ಸನ್ನು ಹದಿನೈದು ನಿಮಿಷ ಬದಿಗೆ ಹಾಕಿಸಿ, ಮಕ್ಕಳನ್ನು ಇಳಿಸಿ, ಇದನ್ನು ಯಾರು ಕಟ್ಟಿದರು ಎಂದು ಕೇಳಿ. ಅವರಲ್ಲಿ ಒಬ್ಬಿಬ್ಬರ ಅಜ್ಜಂದಿರು ಅಲ್ಲಿ ಕಲ್ಲು ಹೊತ್ತಿರಲೂ ಸಾಕು.